ಬೆಚ್ಚದ ಕೂಸು

ನಾನು ಯಾರನ್ನೂ ಕ್ಷಮಿಸಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಓದಿದವರು ಕೊನೆಗೆ, ಪಾಪ, ಹೆಂಗಸು ಹೇಗೋ ಸಮಾಧಾನ ಮಾಡಿಕೊಂಡಳು ಎಂದು ನಿಟ್ಟುಸಿರು ಬಿಡುವುದು ಬೇಡ. ಬೈಲಹೊಂಗಲದಿಂದ ಸಂಪಗಾಂವ ದಾಟಿ ಒಳಗೆ ಹೊರಳಿದರೆ ಸಿಗುವ ಊರಿನಲ್ಲಿ ನಾನು ಅಂಗನವಾಡಿ ನಡೆಸುತ್ತೇನೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ತಮ್ಮನ ಮನೆಯಲ್ಲೇ ಇದ್ದೇನೆ. ಈಗ ಮೀಸೆ ತಿರುವಿಕೊಂಡು ಓಡಾಡುವ ಹುಡುಗರೆಲ್ಲರ ಮೂಗು ಒರೆಸಿದವಳು ನಾನು. ಹಾಗಾಗಿ ನನ್ನ ಸಿಟ್ಟಿಗೆ ಊರಲ್ಲಿ ಒಂದು ಮರ್ಯಾದೆ ಇದೆ, ಎದುರಾಡುವವರು ಕಡಿಮೆ.

ಊರಿನ ಬಡಗಣ ದಿಕ್ಕಿಗೆ ಒಂದು ಗುಡ್ಡ. ಅಲ್ಲಿ ಮಿಲಿಟರಿಯವರು ಗುಂಡು ಹಾರಿಸುವ ತಾಲೀಮು ಮಾಡುತ್ತಾರೆ. ನಾನು ಸಣ್ಣವಳಿದ್ದಾಗ ಅದು ಗುಡ್ಡದ ಆಚೆ ಕೇಳುವ ಬಂದೂಕಿನ ಸದ್ದು, ಪಂಚಮಿಗೆ ಯಾರದೋ ಮನೆಯಲ್ಲಿ ಜೋಳದ ಅಳ್ಳು ಹುರಿದ ಹಾಗೆ. ಈಚಿನ ವರ್ಷಗಳಲ್ಲಿ ತೋಪುಗಳು, ಅಂದರೆ ದೊಡ್ಡ ಫಿರಂಗಿಗಳು, ಬಂದವು. ಗುಡ್ಡದ ಆಚೆ ಇದ್ದ ಗುರಿ ಗುಡ್ಡ ಹತ್ತಿ ಈಚೆಯ ಇಳಿಜಾರಿಗೆ ಬಂತು. ದನ ಮೇಯುತ್ತಿದ್ದ ಗಾಯರಾಣಕ್ಕೆ ತಂತಿಬೇಲಿ ಬಿತ್ತು. ಗುಂಡು ಹಾರಿಸುವ ದಿನ ಗುಡ್ಡದ ನೆತ್ತಿಗೆ ಕೆಂಪು ಬಾವುಟ ಏರಿಸುತ್ತಾರೆ. ಅದನ್ನು ನೋಡಿದರೆ ಆ ಕಡೆಯ ಹೊಲಗಳಿಗೆ ಯಾರೂ ಹೋಗಬಾರದು. ನಮ್ಮೂರಲ್ಲಿ ಈಗ ಬೆಳಿಗ್ಗೆ ಎದ್ದವರು ದೇವರ ಫೋಟೋಕ್ಕಿಂತ ಮೊದಲು ಗುಡ್ಡ ನೋಡುತ್ತಾರೆ.

ಯಾಕೆ ಯಾರೂ ಬಾಯಿ ಬಿಡಲಿಲ್ಲ ಎಂದು ನೀವು ಕೇಳಬಹುದು. ನಮ್ಮಲ್ಲಿ ಓಣಿಗೊಬ್ಬ ಮಿಲಿಟರಿಯಲ್ಲಿದ್ದಾನೆ. ಭರ್ತಿ ನಡೆಯುತ್ತದೆಂದರೆ ಹುಡುಗರು ಸೂರ್ಯ ಹುಟ್ಟುವ ಮೊದಲೇ ಕಿತ್ತೂರು ರಸ್ತೆಯ ಮೇಲೆ ಓಡಿ ಓಡಿ ತಯಾರಾಗುತ್ತಾರೆ. ಆಯ್ಕೆಯಾಗದೆ ಬಂದವನಿಗೆ ಹೆಣ್ಣು ಸಿಗುವುದು ಕಷ್ಟ. ಅದೂ ಅಲ್ಲದೆ ಇದು ಕಿತ್ತೂರು ನಾಡು. ಬ್ರಿಟಿಷರ ಮೇಲೆ ಕತ್ತಿ ಎತ್ತಿದ ನೆಲ ಎಂದು ನಾವು ಹಾಲಿನ ಜೊತೆ ಕುಡಿದು ಬೆಳೆದವರು. ಅಂಥ ಊರಲ್ಲಿ ತೋಪಿನ ಸದ್ದು ತ್ರಾಸು ಕೊಡುತ್ತದೆ ಎಂದು ಹೇಳಿಕೊಂಡವನನ್ನು ಹೆಂಗಸಿಗಿಂತ ಕಡೆ ಎನ್ನುತ್ತಾರೆ. ನಾನು ಹೆಂಗಸೇ ಆದ್ದರಿಂದ ನನಗೆ ಆ ಭಯ ಇರಬಾರದಿತ್ತು. ಆದರೆ ನನ್ನ ತಲೆಯಲ್ಲೂ ಅದೇ ಗಾಳಿ ತುಂಬಿತ್ತು.

ನನ್ನ ತಮ್ಮನ ಮಗಳು ಹುಟ್ಟಿದ್ದು ಇಂಥ ಮನೆಯಲ್ಲಿ. ತಮ್ಮ ಮಾತು ಕಡಿಮೆಯವ, ಹೊಲ ಆಯಿತು, ಎತ್ತು ಆಯಿತು. ಅವನ ಹೆಂಡತಿ ರಾಮದುರ್ಗದ ಕಡೆಯವಳು, ಅವಳೂ ಹೆಚ್ಚು ಮಾತಾಡುವವಳಲ್ಲ. ಹಾಗಾಗಿ ಕೂಸಿನ ಜೊತೆ ಮಾತಾಡುವ ಕೆಲಸವೆಲ್ಲ ಅತ್ತೆಯಾದ ನನ್ನ ಪಾಲಿಗೆ ಬಂತು. ಅವಳು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದಳು. ಇದನ್ನು ನಾನು ಯಾವ ಕೋರ್ಟಿನಲ್ಲಾದರೂ ನಿಂತು ಹೇಳುತ್ತೇನೆ. ಒಳಗೆ ರೊಟ್ಟಿ ಬಡಿಯತೊಡಗಿದರೆ ತೊಟ್ಟಿಲಲ್ಲಿ ಕುತ್ತಿಗೆ ಹೊರಳಿಸಿ ಅಡುಗೆಮನೆಯ ಕಡೆ ನೋಡುತ್ತಿದ್ದಳು. ಕುಕ್ಕರ್ ಕೂಗಿದರೆ ಅಳುತ್ತಿದ್ದಳು. ಅಂಗನವಾಡಿಯಲ್ಲಿ ನಮಗೆ ಕಲಿಸಿಕೊಟ್ಟಂತೆ ಅವಳ ಬೆನ್ನ ಹಿಂದೆ ಗಿಲಕಿ ಆಡಿಸಿ ನೋಡಿದ್ದೆ, ತಿರುಗಿದ್ದಳು. ಅವಳ ಬೆಳವಣಿಗೆಯ ಕಾರ್ಡಿನಲ್ಲಿ ‘ಸದ್ದಿಗೆ ತಿರುಗುತ್ತದೆ’ ಎಂಬಲ್ಲಿ ನನ್ನ ಕೈಯಾರೆ ಗುರುತು ಹಾಕಿದ್ದೆ.

ಅವಳಿಗೆ ವರ್ಷ ತುಂಬಿದ ಮೇಲಿನ ಮಾತು. ಗುಡ್ಡದ ಬುಡದ ನಮ್ಮ ಹೊಲದಲ್ಲಿ ಸೋಯಾ ಕಳೆ ತೆಗೆಯುವ ಕೆಲಸ ನಡೆದಿತ್ತು. ತಾಯಿ ಕೂಸನ್ನು ಕರೆದೊಯ್ದು ಬದುವಿನ ಜಾಲಿಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿದ್ದಳು. ಆ ದಿನ ಬಾವುಟ ಇರಲಿಲ್ಲ. ಹೊಲದಲ್ಲಿದ್ದ ಹೆಂಗಸರೆಲ್ಲ ಇರಲಿಲ್ಲ ಎನ್ನುತ್ತಾರೆ. ಇತ್ತು ಎಂದು ಆಮೇಲೆ ಪಂಚಾಯಿತಿಗೆ ಬಂದ ಮಿಲಿಟರಿಯವರ ಕಾಗದ ಹೇಳಿತು. ಬಿಸಿಲು ಏರುವ ಹೊತ್ತಿಗೆ ಒಂದು ತೋಪಿನ ಗುಂಡು ಬೇಲಿಯ ಹತ್ತಿರದ ಕೊರಕಲಿಗೆ ಬಂದು ಬಿದ್ದು ಸಿಡಿಯಿತು. ಮಣ್ಣು ಜಾಲಿಮರದ ತನಕ ಹಾರಿತು. ಊರಿನಲ್ಲಿ ಅಂಗನವಾಡಿಯ ಕಿಟಕಿಯ ಗಾಜು ಒಡೆದು ಉಪ್ಪಿಟ್ಟಿನ ಪಾತೇಲಿಯಲ್ಲಿ ಬಿತ್ತು, ನಾನು ಆ ಉಪ್ಪಿಟ್ಟನ್ನೆಲ್ಲ ತಿಪ್ಪೆಗೆ ಚೆಲ್ಲಿದೆ.

ಕೂಸು ಆ ದಿನವೆಲ್ಲ ಅತ್ತಿತು. ಮರುದಿನ ಕಿವಿಯಿಂದ ಕೆಂಪು ನೀರು ಬಂತು. ಹೊಲದ ಧೂಳು ಹೋಗಿರಬೇಕೆಂದು ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟೆವು. ಕೆಲವು ದಿನಕ್ಕೆ ನೀರು ನಿಂತಿತು, ಅಳುವೂ ನಿಂತಿತು. ಎಲ್ಲ ಸರಿಹೋಯಿತು ಎಂದುಕೊಂಡೆವು.

ಆ ಮೇಲೆ ಅವಳು ಬೆಚ್ಚುವುದನ್ನು ಬಿಟ್ಟಳು.

ಬಾವುಟ ಏರಿದ ದಿನ ಊರಿನ ಎಲ್ಲ ಕೂಸುಗಳೂ ತಾಯಂದಿರ ಸೆರಗಿನಲ್ಲಿ ಮುಖ ಹುದುಗಿಸುತ್ತಿದ್ದವು. ಕೋಳಿಗಳು ಮಾಡಿನ ಮೇಲೆ ಹಾರುತ್ತಿದ್ದವು. ಎಮ್ಮೆಗಳು ಹಾಲು ಇಳಿಸುತ್ತಿರಲಿಲ್ಲ. ನಮ್ಮ ಕೂಸು ಮಾತ್ರ ಕಟ್ಟೆಯ ಮೇಲೆ ಕೂತು ಚುರಮುರಿ ಆರಿಸಿ ತಿನ್ನುತ್ತಿತ್ತು. ಮೊದಲು ನೋಡಿದವಳು ನಾನೇ. ನನ್ನ ಎದೆ ಹೆಮ್ಮೆಯಿಂದ ಉಬ್ಬಿತು. ಅಂಗನವಾಡಿ ಕೆಲಸಕ್ಕೆಂದು ಕೊಟ್ಟ ಮೊಬೈಲು ತೆಗೆದು ವಿಡಿಯೋ ಮಾಡಿದೆ. ಹಿಂದೆ ಗುಡ್ಡ, ಒಂದರ ಮೇಲೊಂದು ಧಡಾರ್ ಧಡಾರ್, ಮುಂದೆ ನಮ್ಮ ಕೂಸು, ಚುರಮುರಿ. ಅದರ ಜೊತೆಗೆ ನನ್ನದೇ ದನಿ.

“ನೋಡ್ರಿ, ಕಿತ್ತೂರು ನಾಡಿನ ಕೂಸು. ತೋಪಿಗೇನ, ತೋಪಿನ ಅಪ್ಪಗೂ ಹೆದರಂಗಿಲ್ಲ ಇಕಿ.”

ವಾಟ್ಸಾಪಿನಲ್ಲಿ ಅದು ಎಲ್ಲೆಲ್ಲಿಗೋ ಹೋಯಿತು. ಸವದತ್ತಿಯಿಂದ ಬೀಗರು ಫೋನ್ ಮಾಡಿದರು. ರಾಮದುರ್ಗದಲ್ಲಿ ಅವಳ ಅಜ್ಜಿ ದೃಷ್ಟಿ ತೆಗೆಸಿರಿ ಎಂದು ಹೇಳಿ ಕಳಿಸಿದಳು. ಊರ ಮಂದಿ ದಾರಿಯಲ್ಲಿ ಕೂಸನ್ನು ಎತ್ತಿ ಎತ್ತಿ ಆಡಿಸಿದರು, ಇವಳನ್ನು ನೇರ ಭರ್ತಿಗೆ ಕಳಿಸೋಣ ಎಂದು ನಕ್ಕರು. ಎರಡು ವರ್ಷವಾದರೂ ಮಾತು ಬರಲಿಲ್ಲ. ಧೈರ್ಯದವರಿಗೆ ಮಾತು ಕಡಿಮೆ, ಅಪ್ಪನ ಹಾಗೆ ಎಂದು ನಾನೇ ಸಮಜಾಯಿಷಿ ಕೊಟ್ಟೆ. ಕಾರ್ಡಿನಲ್ಲಿ ಮತ್ತೆ ಸದ್ದಿನ ಪ್ರಶ್ನೆ ಬಂದಾಗ ಗಿಲಕಿಯನ್ನು ಕೈಯಲ್ಲಿ ಹಿಡಿಯಲೇ ಇಲ್ಲ. ಇಂಥ ಕೂಸಿಗೆ ಎಂಥ ಪರೀಕ್ಷೆ ಎಂದು ಗುರುತು ಹಾಕಿ ಮುಚ್ಚಿಟ್ಟೆ. ಬೇರೆಯವರ ಕೂಸಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ನಿಜ ಹೇಳಿದವನು ಪಕ್ಕದ ಮನೆಯ ಟೆಂಪೋದವನು. ಮುಸಲ್ಮಾನರವನು, ಬೈಲಹೊಂಗಲದ ಪೇಟೆಗೆ ಹತ್ತಿ, ಕಾಯಿಪಲ್ಲೆ ಹೊಡೆಯುತ್ತಾನೆ, ನನ್ನನ್ನು ಅಕ್ಕಾ ಎನ್ನುತ್ತಾನೆ. ಒಂದು ಬೆಳಿಗ್ಗೆ ಟೆಂಪೋ ಹಿಂದೆ ತೆಗೆಯುವಾಗ ಕೂಸು ಹಿಂದಿನ ಗಾಲಿಯ ಹತ್ತಿರ ಮಣ್ಣಾಡುತ್ತ ಕೂತಿತ್ತು. ಹಾರನ್ ಹೊಡೆದ, ಮತ್ತೆ ಹೊಡೆದ. ಕೊನೆಗೆ ಇಳಿದು ಬಂದು ಅವಳನ್ನು ಎತ್ತಿಕೊಂಡು ನನ್ನ ಬಾಗಿಲಿಗೆ ಬಂದ.

“ಅಕ್ಕಾ, ಇದು ಧೈರ್ಯ ಅಲ್ಲ. ನಾಯಿಮರಿ ಸೈತ ಹಾರನ್ನಿಗೆ ತಿರಗತೈತಿ.”

“ಗಾಡಿ ನೆಟ್ಟಗ ನೋಡಿ ಹೊಡಿ, ನಮ್ಮ ಕೂಸಿನ ಮ್ಯಾಲೆ ಹಾಕಬ್ಯಾಡ” ಎಂದು ಬೈದು ಕಳಿಸಿದೆ. ಅವನು ಹೋದ ಮೇಲೆ ನಾನು ಹಿಟ್ಟು ನಾದುವ ಸ್ಟೀಲಿನ ಪರಾತ ತೆಗೆದುಕೊಂಡು ಕೂಸಿನ ಬೆನ್ನ ಹಿಂದೆ ನಿಂತು ನೆಲಕ್ಕೆ ಬಿಟ್ಟೆ. ಒಳಗಿಂದ ಅವಳ ತಾಯಿ, ಏನ ಬಿತ್ರಿ ಅಕ್ಕಾರ, ಎಂದು ಓಡಿ ಬಂದಳು. ಕೂಸು ತನ್ನ ಮಣ್ಣಿನ ಗೊಂಬೆಗೆ ಕೈ ಅಂಟಿಸುತ್ತಿತ್ತು. ನಾನು ಪರಾತ ಎತ್ತಿ ಮತ್ತೆ ಬಿಟ್ಟೆ. ಮೂರನೆಯ ಸಲ ಬಿಡುವಾಗ ಅವಳ ತಾಯಿ ನನ್ನ ಕೈ ಹಿಡಿದಳು. ಅವಳಿಗೆ ಅರ್ಥವಾಗಿತ್ತು.

ಅದೇ ಟೆಂಪೋದಲ್ಲಿ ನಾವು ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಹೋದೆವು. ಕೂಸನ್ನು ಮಲಗಿಸಿ, ತಲೆಗೆ ತಂತಿ ಹಚ್ಚಿ ಪರೀಕ್ಷೆ ಮಾಡಿದರು. ಎರಡೂ ಕಡೆ ಒಳಕಿವಿ ಕೆಟ್ಟಿದೆ ಎಂದರು ಕಿವಿಯ ಡಾಕ್ಟರು. ದೊಡ್ಡ ಸದ್ದಿನಿಂದ ಆಗಿರಬಹುದು, ಜ್ವರದಿಂದಲೂ ಆಗಿರಬಹುದು, ಇದರಿಂದಲೇ ಎಂದು ಬರೆದು ಕೊಡಲಾರೆ ಎಂದರು. ಕಿವಿಗೆ ಕೇಳಿಸುವ ಸಾಧನ ಹಾಕಿಸಬಹುದು, ಆಪರೇಶನ್ನಿನ ದಾರಿಯೂ ಇದೆ, ಆದರೆ ಮಾತು ಕಲಿಸುವ ಕೆಲಸ ಈಗಲೇ ಶುರುವಾಗಬೇಕು ಎಂದರು. ಅಲ್ಲಿಯ ತನಕ ಅವಳು ನಿಮ್ಮ ಮುಖ ನೋಡಿಯೇ ಎಲ್ಲ ಕಲಿಯುತ್ತಾಳೆ, ಅವಳ ಎದುರಿಗೆ ಕೂತು ಮಾತಾಡಿ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಇಷ್ಟು ತಡ ಯಾಕೆ ಮಾಡಿದಿರಿ ಎಂದು ಕೇಳಿದರು. ನಾನು ಅಂಗನವಾಡಿಯವಳೆಂದು ಅವರಿಗೆ ಹೇಳಲಿಲ್ಲ.

ಮರಳಿ ಬರುವಾಗ ಸೇಡು ಹುಟ್ಟಿತು. ದುಃಖ ಅವಳ ತಾಯಿಗಿರಲಿ, ನನಗೆ ಅವರು ಬೇಕಿತ್ತು. ಬಾವುಟ ಏರಿಸುವವರು, ಬಾವುಟ ಏರಿಸದೆ ಏರಿಸಿದೆವೆಂದು ಕಾಗದ ಬರೆದವರು, ಆ ಗುಂಡಿನ ಗುರಿ ಹಿಡಿದವನು. ಅವರಲ್ಲಿ ಯಾರಾದರೊಬ್ಬ ನನ್ನ ಎದುರಿಗೆ ನಿಂತು, ಇದು ನಮ್ಮಿಂದ ಆಯಿತು, ಎಂದು ಬಾಯಿ ಬಿಟ್ಟು ಹೇಳಬೇಕು. ಪರಿಹಾರ ಬೇಡ, ಕಾಣಿಕೆ ಬೇಡ. ಅಷ್ಟು ಹೇಳಿಸಿಯೇ ಸಾಯುತ್ತೇನೆ ಎಂದುಕೊಂಡೆ. ಹೇಳುವಾಗ ಅವನ ತಲೆ ತಗ್ಗಬೇಕು, ಅದನ್ನು ನಾನು ನೋಡಬೇಕು.

ತಾಯಿಯ ವಿಚಾರ ಬೇರೆ ಇತ್ತು. ಮನೆಗೆ ಬಂದ ದಿನವೇ ನನ್ನ ಕೈ ಹಿಡಿದು ಕೂಸಿನ ತಲೆಯ ಮೇಲೆ ಇಡಿಸಿದಳು.

“ಮಂದಿ ಮುಂದ ಈ ಸುದ್ದಿ ತಗೀಬ್ಯಾಡ್ರಿ ಅಕ್ಕಾರ. ಹೆಣ್ಣಕೂಸ ಐತಿ. ಕಿವುಡಿ ಅಂತ ಒಮ್ಮೆ ಹೆಸರ ಬಿತ್ತಂದ್ರ ಹೋಗೂದಿಲ್ಲ. ಮಾತ ಕಲೀಲಿ, ಆಮ್ಯಾಲ ಯಾರಿಗೆ ಬೇಕಾದ್ರೂ ಹೇಳೂಣು.”

“ಆತ ತಂಗಿ” ಎಂದೆ. ಆಣೆ ಇಟ್ಟದ್ದು ನಿಜ. ಅವಳು ವಾರಕ್ಕೊಮ್ಮೆ ಕೂಸನ್ನು ಕಟ್ಟಿಕೊಂಡು ಬಸ್ಸು ಹತ್ತಿ ಮಾತು ಕಲಿಸುವ ಕಡೆ ಹೋಗತೊಡಗಿದಳು. ತವರಿಗೆ ಹೋಗಿದ್ದಾಳೆ ಎಂದು ಊರಿಗೆ ಹೇಳುತ್ತಿದ್ದೆವು. ಸಾಧನ ಸಿಗಬೇಕೆಂದರೆ ಸರದಿಯಲ್ಲಿ ಕಾಯಬೇಕಿತ್ತು, ವರ್ಷವಾದರೂ ನಮ್ಮ ಸರದಿ ಬರಲಿಲ್ಲ.

ನಾನು ನನ್ನ ಕೆಲಸ ಶುರು ಮಾಡಿದೆ. ಬರೆಯುವುದು ನನಗೆ ಅಭ್ಯಾಸ. ಯಾವ ಕೂಸಿನ ತೂಕ ಎಷ್ಟು, ಯಾವ ಬಸುರಿಗೆ ರಕ್ತ ಕಡಿಮೆ, ಎಲ್ಲ ಬರೆದು ಬರೆದು ಕೈ ಪಳಗಿದೆ. ಒಂದು ಹಳೆಯ ರಿಜಿಸ್ಟರಿನಲ್ಲಿ ಬಾವುಟ ಏರಿದ ದಿನ, ಏರಿದ ಹೊತ್ತು, ಇಳಿದ ಹೊತ್ತು ಬರೆದೆ. ಬಾವುಟವಿಲ್ಲದೆ ಹಾರಿದ ಗುಂಡುಗಳನ್ನು ಕೆಂಪು ಪೆನ್ನಿನಲ್ಲಿ ಬರೆದೆ. ಆಮೇಲೆ ಮನೆಮನೆಗೆ ಹೋದೆ.

ಎಷ್ಟೊಂದು ಇತ್ತು. ಯಾರೂ ಕೇಳಿರಲಿಲ್ಲ, ಹಾಗಾಗಿ ಯಾರೂ ಹೇಳಿರಲಿಲ್ಲ. ಗುಡ್ಡದ ಮಗ್ಗುಲಿನ ಓಣಿಯ ಮುದುಕರಿಗೆ ಬಾವುಟದ ದಿನ ಎದೆ ಹಾರುತ್ತಿತ್ತು, ಬಿ.ಪಿ. ಗುಳಿಗೆ ಒಂದಿದ್ದುದು ಎರಡಾಗಿತ್ತು. ಬಸುರಿಯರು ತಿಂಗಳು ತುಂಬುವ ಮೊದಲೇ ಮನೋಳಿಗೋ ಸವದತ್ತಿಗೋ ತವರಿನ ನೆಪ ಹೇಳಿ ಹೊರಡುತ್ತಿದ್ದರು. ಬೇಸಿಗೆಯಲ್ಲಿ ಗುಂಡಿನ ಕಿಡಿಗೆ ಗುಡ್ಡದ ಹುಲ್ಲು ಹತ್ತಿ ಉರಿಯುತ್ತಿತ್ತು, ಆ ಹೊಗೆ ಊರ ಮೇಲೆ ಕೂತು ಕೂಸುಗಳಿಗೆ ವಾರಗಟ್ಟಲೆ ಕೆಮ್ಮು. ಮೊದಲ ಮಳೆಗೆ ಗುಡ್ಡದಿಂದ ಇಳಿಯುವ ಹಳ್ಳದ ನೀರಿನ ಮೇಲೆ ಎಣ್ಣೆಯಂಥ ಪದರ, ಎಮ್ಮೆಗಳು ಮೂಸಿ ಹಿಂದೆ ಸರಿಯುತ್ತಿದ್ದವು, ಅದರಲ್ಲಿ ಬಟ್ಟೆ ಒಗೆದ ಹೆಂಗಸರ ಕೈಗೆ ತುರಿಕೆ. ನವಿಲು ಕೂಗಿದ್ದನ್ನು ಕೇಳಿ ಎಷ್ಟು ದಿನವಾಯಿತು ಎಂದರೆ ಯಾರಿಗೂ ನೆನಪಾಗಲಿಲ್ಲ. ಗೋಡೆಯ ಬಿರುಕುಗಳಿಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದು ಬಂದೆ. ಬಾವುಟದ ದಿನ ಕಳೆದ ಮೇಲೆ ಹೋಗಿ ನೋಡಿದರೆ ಕೆಲವು ಗೆರೆಗಳು ನಡುವೆ ಹರಿದಿರುತ್ತಿದ್ದವು. ಹರಿದದ್ದನ್ನು ಬರೆದುಕೊಂಡು ಹೊಸ ಗೆರೆ ಎಳೆಯುತ್ತಿದ್ದೆ.

ಇದನ್ನೆಲ್ಲ ನಾನು ಜನಸೇವೆಯೆಂದು ಮಾಡಲಿಲ್ಲ. ಯಾರದಾದರೂ ಕೆಮ್ಮು ಹೆಚ್ಚಾಗಿದೆ ಎಂದರೆ ಬಾಯಲ್ಲಿ ಅಯ್ಯೋ ಎನ್ನುತ್ತಿದ್ದೆ, ಒಳಗೆ ಖುಷಿಯಾಗುತ್ತಿತ್ತು. ಇನ್ನೊಂದು ಸಾಲು ಸಿಕ್ಕಿತು ಎಂದು. ಒಬ್ಬ ಮುದುಕಿಯ ಎದೆನೋವು ಗ್ಯಾಸಿನಿಂದ ಎಂದು ಡಾಕ್ಟರು ಹೇಳಿದಾಗ ನನಗೆ ನಿರಾಸೆಯಾಯಿತು. ಪ್ರತಿ ಬಾವುಟದ ದಿನ ಕಟ್ಟೆಯ ಮೇಲೆ ನಿಂತು ಗುಡ್ಡವನ್ನು ದಿಟ್ಟಿಸುತ್ತಿದ್ದೆ. ಒಂದೊಂದು ಸದ್ದಿಗೂ ಹಲ್ಲು ಕಡಿದು, ಹಾರಸ್ರಿ, ಇನ್ನಷ್ಟ ಹಾರಸ್ರಿ, ನಿಮಗೂ ಒಂದ ದಿನ ಬರತೈತಿ, ಎಂದು ಶಪಿಸುತ್ತಿದ್ದೆ. ಕೂಸು ಪಕ್ಕದಲ್ಲಿ ನನ್ನ ಸೀರೆ ಹಿಡಿದು ನಿಂತಿರುತ್ತಿತ್ತು. ಅವಳ ಎದುರಿಗೆ ಕೂತು ಮಾತಾಡಬೇಕೆಂದು ಡಾಕ್ಟರು ಹೇಳಿದ್ದು ಗೊತ್ತಿತ್ತು. ಬರೆಯುವುದು ಮುಗಿಯಲಿ ಎಂದುಕೊಳ್ಳುತ್ತಿದ್ದೆ.

ಅರ್ಜಿಗಳ ಮೇಲೆ ಅರ್ಜಿ ಹೋದವು. ಊರಿನ ಕೆಲವರು ನನ್ನ ಹಿಂದೆ ಬಂದರು, ಕೆಲವರು ಮುಖ ತಿರುಗಿಸಿದರು. ಮಗ ಮಿಲಿಟರಿಯಲ್ಲಿರುವ ಒಬ್ಬರು ದಾರಿಯಲ್ಲಿ ನಿಲ್ಲಿಸಿ, “ಹಡದ ತಾಯಿ ಮ್ಯಾಲೆ ಕಂಪ್ಲೇಂಟ್ ಕೊಟ್ಟಂಗ ಆತು ಟೀಚರ” ಎಂದರು. “ನಿಮ್ಮ ತಾಯಿ ನಿಮ್ಮ ಕಿವ್ಯಾಗ ತೋಪ ಹಾರಸಿದ್ಲೇನ್ರಿ?” ಎಂದು ಕೇಳಿದೆ. ಅವರು ನನ್ನ ಜೊತೆ ಮಾತು ಬಿಟ್ಟರು. ಅಂತೂ ಒಂದು ವರ್ಷದ ಮೇಲೆ, ಊರವರ ಅಹವಾಲು ಕೇಳಲು ಮಿಲಿಟರಿಯ ಸಾಹೇಬರು ಬರುತ್ತಾರೆಂದು ಪಂಚಾಯಿತಿಗೆ ಕಾಗದ ಬಂತು. ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ.

ಆ ದಿನ ತಾಯಿಗೆ ಹತ್ತಿ ಬಿಡಿಸುವ ಕೆಲಸವಿತ್ತು, ಆಮೇಲೆ ಬರುತ್ತೇನೆ ಎಂದಳು. ಕೂಸು ಅಂಗನವಾಡಿಯಲ್ಲಿ ನನ್ನ ಹತ್ತಿರ ಇತ್ತು. ಆಯಾಳ ಹತ್ತಿರ ಬಿಟ್ಟು ಹೋಗಬಹುದಿತ್ತು. ನಾನು ಅವಳ ತಲೆ ಬಾಚಿ, ಹೊಸ ಫ್ರಾಕು ಹಾಕಿ, ಆಣೆ ಇಟ್ಟ ಕೈಯಲ್ಲೇ ಅವಳ ಕೈ ಹಿಡಿದು ಕರೆದುಕೊಂಡು ಹೋದೆ. ಯಾಕೆ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ನನಗೇ ಹೇಳಿಕೊಂಡೆ.

ಸಾಹೇಬರು ನಡುವಯಸ್ಸಿನವರು, ಇಸ್ತ್ರಿ ಮಾಡಿದ ಬಟ್ಟೆ, ಒಳ್ಳೆಯ ಮಾತು. ಅವರು ಹಿಂದಿಯಲ್ಲಿ ಹೇಳಿದ್ದನ್ನು ತಾಲೂಕು ಕಚೇರಿಯಿಂದ ಬಂದ ಗುಮಾಸ್ತ ಕನ್ನಡದಲ್ಲಿ ಹೇಳುತ್ತಿದ್ದ. ನಾನು ರಿಜಿಸ್ಟರು ತೆರೆದು ಓದಿದೆ. ಬಾವುಟ, ಕೆಮ್ಮು, ಹಳ್ಳ, ಬಿರುಕು. ನಮ್ಮ ಕೂಸಿನ ಸಾಲು ಮಾತ್ರ ಬಿಟ್ಟು ಓದಿದೆ. ಅಲ್ಲಿಯ ತನಕ ಆಣೆ ನೆನಪಿತ್ತು. ಗುಮಾಸ್ತ ರಿಜಿಸ್ಟರನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ.

“ಇದಕ್ಕೆ ಡಾಕ್ಟರ್ ಸಹಿ ಎಲ್ಲೈತ್ರಿ? ನಾಳೆ ನಾನೂ ಬರದುಕೊಂಡು ಬರಬಹುದು, ನನ್ನ ತಲಿ ಗುಂಡಿನ ಸಲುವಾಗಿ ಬೋಳಾತು ಅಂತ.”

ಕೆಲವರು ನಕ್ಕರು. ಸಾಹೇಬರು ನಗಲಿಲ್ಲ, ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು. ಊರಿನ ತೊಂದರೆ ಅರ್ಥವಾಗುತ್ತದೆ, ಆದರೆ ಭಯ ಇಲ್ಲದ ಕಡೆ ಭಯ ಹುಟ್ಟಿಸಬಾರದು ಎಂದರು. ಆಮೇಲೆ ಗೋಡೆಯ ಮೇಲೆ ಬಿಳಿ ಪರದೆ ಇಳಿಸಿ ಒಂದು ವಿಡಿಯೋ ಹಾಕಿಸಿದರು. ಪರದೆಯ ತುಂಬ ನಮ್ಮ ಕಟ್ಟೆ. ಚುರಮುರಿ. ಧಡಾರ್ ಧಡಾರ್. ಕಿತ್ತೂರು ನಾಡಿನ ಕೂಸು ಎನ್ನುವ ನನ್ನ ದನಿ ಆ ಕೋಣೆಯಲ್ಲಿ ನನ್ನ ಮುಖಕ್ಕೇ ಬಂದು ಬಡಿಯಿತು. ಈ ನೆಲದ ಮಕ್ಕಳು ಹೀಗಿದ್ದಾರೆ, ನಮಗೂ ಇವರ ಮೇಲೆ ಅಭಿಮಾನ ಇದೆ ಎಂದರು ಸಾಹೇಬರು. ಹಿಂದಿನ ಸಾಲಿನಲ್ಲಿ ಹುಡುಗರು ಚಪ್ಪಾಳೆ ಹೊಡೆದರು.

ನನ್ನ ಮೈಯೆಲ್ಲ ಉರಿದುಹೋಯಿತು. ಆಣೆ, ತಾಯಿ, ಮಾನ, ಯಾವುದೂ ಉಳಿಯಲಿಲ್ಲ. ಕೂಸನ್ನು ಎತ್ತಿ ಮುಂದಿನ ಬೆಂಚಿನ ಮೇಲೆ, ಸಾಹೇಬರಿಗೆ ಬೆನ್ನು ಮಾಡಿ, ಮಂದಿಯ ಕಡೆ ಮುಖ ಮಾಡಿ ನಿಲ್ಲಿಸಿದೆ.

“ಸಾಹೇಬ್ರ, ಆ ಕೂಸ ಇದ. ಕರೀರಿ ಇದನ್ನ.”

ಅವರಿಗೆ ತಿಳಿಯಲಿಲ್ಲ. ನಾನು ಅವಳ ಹೆಸರು ಹೇಳಿಕೊಟ್ಟೆ. ಅವರು ನಗುತ್ತ ಹೆಸರು ಹಿಡಿದು ಕರೆದರು. ಕೂಸು ತನ್ನ ಫ್ರಾಕಿನ ಗುಂಡಿ ಹಿಡಿದು ನೋಡಿಕೊಳ್ಳುತ್ತಿತ್ತು. ಮತ್ತೊಮ್ಮೆ ಕರೆದರು.

“ಮೈಕಿನಾಗ ಕರೀರಿ” ಎಂದೆ.

ಮೈಕು ಬಾಯಿಗೆ ಹಿಡಿದು ಕರೆದರು. ಕೋಣೆಯ ತಗಡು ಅದುರಿತು. ಕೂಸು ಮಂದಿಯಲ್ಲಿ ಯಾರದೋ ಮುಖ ನೋಡಿ ನಕ್ಕಿತು. ನಾನು ಬಿಡಲಿಲ್ಲ. ಇನ್ನೊಮ್ಮೆ ಎಂದೆ, ಅವರು ಕರೆದರು. ಇನ್ನೊಮ್ಮೆ ಎಂದೆ. ಕೊನೆಯ ಸಲ ಕರೆಯದೆ ಮೈಕು ಕೆಳಗಿಟ್ಟರು. ಚಪ್ಪಾಳೆ ಹೊಡೆದ ಹುಡುಗರು ನೆಲ ನೋಡುತ್ತಿದ್ದರು. ಆ ನಿಶ್ಶಬ್ದವನ್ನು ನಾನು ಚೆನ್ನಾಗಿ ಅನುಭವಿಸಿದೆ, ಸುಳ್ಳು ಹೇಳುವುದಿಲ್ಲ. ಒಂದು ವರ್ಷದ ಹಸಿವು ಅದು.

ಬಾಗಿಲ ಹತ್ತಿರ ಏನೋ ಸರಿದಂತಾಗಿ ತಿರುಗಿ ನೋಡಿದೆ. ಅವಳ ತಾಯಿ ಬಂದು ನಿಂತಿದ್ದಳು, ಸೆರಗಿಗೆ ಹತ್ತಿ ಅಂಟಿತ್ತು. ಎಷ್ಟು ಹೊತ್ತಾಗಿತ್ತೋ. ಮಂದಿಯ ನಡುವೆ ನಡೆದು ಬಂದು ಕೂಸನ್ನು ಬೆಂಚಿನಿಂದ ಎತ್ತಿಕೊಂಡಳು. ನನ್ನನ್ನು ನೋಡಲಿಲ್ಲ. ಹೊರಗೆ ಹೋದಳು.

ಸಭೆ ಅಲ್ಲಿಗೆ ಮುಗಿಯಿತು. ಸಾಹೇಬರು ಕೆಳಗಿಳಿದು ನನ್ನ ಹತ್ತಿರ ಬಂದರು. ಮೆಲ್ಲಗೆ ಹಿಂದಿಯಲ್ಲಿ ಏನೋ ಹೇಳಿ ತಮ್ಮ ಎಡಗಿವಿ ಮುಟ್ಟಿ ತೋರಿಸಿದರು. ಅಷ್ಟಿಷ್ಟು ಹಿಂದಿ ನನಗೂ ಬರುತ್ತದೆ. ನನಗೂ ಈ ಕಿವಿ ಕೇಳುವುದಿಲ್ಲ, ನಮ್ಮ ಕೆಲಸದಲ್ಲಿ ಬಹಳ ಮಂದಿಗೆ ಹೀಗಾಗುತ್ತದೆ ಎಂದರು. ನಾನು ಮೆತ್ತಗಾಗಲಿ ಎಂದು ಹೇಳಿದರೋ, ಮನಸ್ಸಿನಿಂದಲೇ ಹೇಳಿದರೋ, ಇವತ್ತಿಗೂ ಗೊತ್ತಿಲ್ಲ.

“ನಿಮಗ ಅದಕ್ಕ ಪಗಾರ ಕೊಟ್ಟಾರ” ಎಂದೆ. “ಆಕಿ ಯಾವ ಭರ್ತಿಗೆ ಹೋಗಿದ್ಲು?”

ಪಕ್ಕದಲ್ಲಿದ್ದ ಟೆಂಪೋದವನು ಅದನ್ನು ಹಿಂದಿಯಲ್ಲಿ ಹೇಳಿದ, ಒಂದಕ್ಷರವನ್ನೂ ಮೆತ್ತಗೆ ಮಾಡದೆ. ಸಾಹೇಬರ ತಲೆ ತಗ್ಗಿತೋ ಇಲ್ಲವೋ ಹೇಳಲಾರೆ, ಟೋಪಿ ಇತ್ತು. ಇದು ನಮ್ಮಿಂದ ಆಯಿತು ಎಂದು ಮಾತ್ರ ಹೇಳಲಿಲ್ಲ. ಜೀಪು ಹತ್ತಿ ಹೋದರು.

ಅದಾದ ಮೇಲೆ ದೊಡ್ಡ ತೋಪುಗಳ ಗುರಿ ಮತ್ತೆ ಗುಡ್ಡದ ಆಚೆ ಹೋಯಿತು. ಬಾವುಟ ಏರಿಸುವ ಮೊದಲು ಪಂಚಾಯಿತಿಗೆ ಫೋನು ಬರುತ್ತದೆ. ಹಳ್ಳದ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋದರು, ಏನಾಯಿತೆಂದು ಹೇಳಿಲ್ಲ. ಅಂಗನವಾಡಿಗೆ ಒಂದು ಡಬ್ಬಿ ಬಂತು, ತೆಗೆದರೆ ಕಿವಿಗೆ ತುರುಕುವ ಸ್ಪಂಜಿನ ತುಂಡುಗಳು, ದೊಡ್ಡವರ ಅಳತೆಯವು. ಊರವರು ನನ್ನನ್ನು ಹೊಗಳಿದರು. ಮಾತು ಬಿಟ್ಟವರೂ ಬಂದು ಮಾತಾಡಿಸಿದರು. ಅದು ಯಾವುದರಿಂದಲೂ ನನ್ನ ಹೊಟ್ಟೆ ತುಂಬಲಿಲ್ಲ. ಆ ಮೂರು ಶಬ್ದ ಇನ್ನೂ ಬಾಕಿ ಇದ್ದವು. ರಿಜಿಸ್ಟರು ಮುಚ್ಚಲಿಲ್ಲ.

ಮನೆಯಲ್ಲಿ ಮಾತು ನಿಂತಿತ್ತು. ಅವಳ ತಾಯಿ ನನಗೆ ರೊಟ್ಟಿ ಹಾಕುತ್ತಿದ್ದಳು, ನೀರು ಇಡುತ್ತಿದ್ದಳು, ಒಂದು ಶಬ್ದ ಆಡುತ್ತಿರಲಿಲ್ಲ. ಊರಲ್ಲಿ ಆಗಲೇ ಕೂಸಿಗೆ ಹೆಸರು ಬಿದ್ದಿತ್ತು, ಅವಳು ಹೆದರಿದ್ದ ಹೆಸರೇ. ನನ್ನ ತಮ್ಮ ನಡುವೆ ಬಂದು, “ಆಗಿದ್ದಾತು ಬಿಡ” ಎಂದ. ಅವಳು ಬಿಡಲಿಲ್ಲ. ನಾನೂ ತಪ್ಪಾಯಿತು ಎನ್ನಲಿಲ್ಲ. ಮಿಲಿಟರಿಯವರು ಹೇಳದ ಮಾತನ್ನು ನಾನು ಯಾಕೆ ಮೊದಲು ಹೇಳಲಿ ಎಂಬ ಹಟ.

ಕೆಲವು ದಿನ ಕಳೆದು ಮತ್ತೆ ಬಾವುಟ ಏರಿತು. ನಾನು ಎಂದಿನಂತೆ ಕಟ್ಟೆಯ ಮೇಲೆ ಹೋಗಿ ನಿಂತೆ. ಆಚೆಯ ಸದ್ದು ಈಗ ದೂರದ್ದು, ಆದರೂ ನನ್ನ ಹಲ್ಲು ತಾವಾಗಿಯೇ ಕಡಿದುಕೊಂಡವು. ಒಳಗಿನಿಂದ ಅವಳ ತಾಯಿ ಬಂದು ಬಾಗಿಲಲ್ಲಿ ನಿಂತಳು. ಅಷ್ಟು ದಿನದ ಮೇಲೆ ಬಾಯಿ ಬಿಟ್ಟಳು.

“ಅಕ್ಕಾರ, ಗುಡ್ಡ ಬಿಡ್ರಿ. ಬಾಜೂಕ ನೋಡ್ರಿ.”

ನೋಡಿದೆ. ಕೂಸು ನನ್ನ ಪಕ್ಕದಲ್ಲಿ ನಿಂತು ಗುಡ್ಡವನ್ನು ನೋಡುತ್ತಿತ್ತು. ಹುಬ್ಬು ಗಂಟಿಕ್ಕಿತ್ತು. ಕೆಳದುಟಿ ಹಲ್ಲಿನ ಕೆಳಗೆ ಸಿಕ್ಕಿತ್ತು. ಮೂಗಿನ ಹೊಳ್ಳೆಗಳು ಅರಳಿದ್ದವು. ಬಾವುಟ ಅಲುಗಿದಾಗೊಮ್ಮೆ ತುಟಿ ಪಿಟಿಪಿಟಿ ಆಡುತ್ತಿತ್ತು, ಸದ್ದಿಲ್ಲದೆ. ಮೂರು ವರ್ಷ ದಾಟಿದ ಕೂಸಿನ ಮೇಲೆ ನನ್ನ ಮುಖ ಕೂತಿತ್ತು.

“ಮಾರಿ ನೋಡಿ ಕಲೀತಾಳ ಅಂದಿದ್ರಲ್ಲ ಡಾಕ್ಟರು” ಎಂದಳು ಅವಳ ತಾಯಿ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. “ವರ್ಷಾತು, ಇದನ್ನ ನೋಡ್ಯಾಳ. ನಾನು ಅವ್ವ ಅನ್ನೂದ ಕಲಿಸಾಕತ್ತೇನಿ, ಇನ್ನಾ ಬಂದಿಲ್ಲ. ಇದೊಂದ ಬಂದೈತಿ.”

ನಾನು ಕೂಸಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಗುಡ್ಡಕ್ಕೆ ಬೆನ್ನು ಮಾಡಿದೆ. ನಗಬೇಕೆಂದು ನೋಡಿದೆ. ಅವ್ವ ಎಂದು ತುಟಿ ಅಗಲಿಸಿ ತೋರಿಸಿದೆ. ಅವಳು ನನ್ನ ತುಟಿ ನೋಡಿದಳು, ಕಣ್ಣು ನೋಡಿದಳು, ಹುಬ್ಬಿನ ಮೇಲೆ ಬೆರಳು ಇಟ್ಟು ನೋಡಿದಳು. ಅವಳಿಗೆ ನಂಬಿಕೆ ಬರಲಿಲ್ಲ. ನನ್ನ ಹೆಗಲ ಮೇಲಿಂದ ಇಣುಕಿ ಗುಡ್ಡ ಹುಡುಕಿದಳು, ಹಲ್ಲು ಕಡಿದಳು, ನಾನು ಮೆಚ್ಚುತ್ತೇನೋ ಎಂದು ಮತ್ತೆ ನನ್ನ ಮುಖ ನೋಡಿದಳು.